ಒಂದು ಕಿಲೋ ಬಟ್ಟು

ಎರಡೂ ಕಿಡ್ನಿ ಕೈಕೊಟ್ಟ ಮೇಲೆ ತಕ್ಕಡಿ ಮಾವನಿಗೆ ಉಳಿದಿದ್ದು ಒಂದೇ ಆಸೆ. ಒಂದು ಚೊಂಬು ತಣ್ಣೀರನ್ನು ಗಟಗಟ ಕುಡಿಯಬೇಕು. ಹೆಂಡತಿ ಬಿಡಬೇಕಲ್ಲ! ಕುಡಿದ ನೀರು ಹೊರಗೆ ಹೋಗುವ ದಾರಿ ಬಂದ್ ಆಗಿದೆ, ಡಯಾಲಿಸಿಸ್ ಯಂತ್ರವೇ ಎಳೆದು ತೆಗೆಯಬೇಕು, ಅಳತೆ ಮೀರಬೇಡಿ ಎಂದು ಡಾಕ್ಟರು ಹೇಳಿದ್ದೇ ತಡ, ಆಕೆ ದಿನದ ನೀರನ್ನು ಒಂದು ಸಣ್ಣ ಬಾಟಲಿಗೆ ಇಳಿಸಿದಳು. ಉಪ್ಪಿನ ಡಬ್ಬಿ ಅಟ್ಟ ಹತ್ತಿತು. ಬಾಯಿ ಒಣಗಿದರೆ ಚೀಪಲು ಒಂದು ಐಸ್ ಚೂರು.

"ನಾನೇನು ಗುಬ್ಬಚ್ಚಿಯೇನೇ?" ಎಂದು ಮಾವ ರೇಗುತ್ತಿದ್ದ.

"ಗುಬ್ಬಚ್ಚಿಗಾದ್ರೆ ಹೇಳಿದ ಮಾತು ಅರ್ಥ ಆಗ್ತಿತ್ತು" ಎಂದು ಆಕೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಈಚೆಗೆ ಆಕೆಗೆ ಬಚ್ಚಲ ಹುಚ್ಚು ಹಿಡಿದಿದೆ ಎಂದು ಮಾವ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಮಾವ ಜೀವಮಾನವೆಲ್ಲ ತಕ್ಕಡಿ ರಿಪೇರಿ ಮಾಡಿದವನು. ತೂಕದಲ್ಲಿ ಮೋಸ ಮಾಡಲು ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸುವ ಮಹಾನುಭಾವರನ್ನೆಲ್ಲ ಕಂಡಿದ್ದರೂ ಆ ವಿದ್ಯೆ ತನಗೆ ಹತ್ತಲಿಲ್ಲವೆಂದು ಬೀಗುತ್ತಿದ್ದ. ಹತ್ತಿದ್ದು ಮುದಿತನದಲ್ಲಿ. ಆಸ್ಪತ್ರೆಯಲ್ಲಿ ಮಲಗಿಸುವ ಮೊದಲು ತೂಕ ನೋಡುತ್ತಾರೆ, ಹೆಚ್ಚಾದದ್ದೆಲ್ಲ ನೀರೆಂದು ಲೆಕ್ಕ ಹಿಡಿದು ಅಷ್ಟನ್ನೂ ಯಂತ್ರದಿಂದ ತೆಗೆಸುತ್ತಾರೆ. ಹಾಗಾದರೆ ಒಂದು ಕಿಲೋ ಹೆಚ್ಚು ತೋರಿಸಿದರೆ? ಒಂದು ಲೀಟರ್ ಹೆಚ್ಚು ಹೋಗುತ್ತದೆ, ಮೈಯಲ್ಲಿ ಅಷ್ಟು ಜಾಗ ಖಾಲಿ, ಮನೆಗೆ ಬಂದು ರಾಜಾರೋಷವಾಗಿ ತುಂಬಿಸಿಕೊಳ್ಳಬಹುದು! ಇಷ್ಟು ಓದಿದ ಡಾಕ್ಟರಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಮರುಕವೇ ಆಯಿತು.

ಹಳೆಯ ಪೆಟ್ಟಿಗೆಯಿಂದ ಒಂದು ಕಿಲೋ ಬಟ್ಟು ತೆಗೆದು, ಟವಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿ, ಮೇಲೆ ಸ್ವೆಟರ್ ಹಾಕಿಕೊಂಡು ಹೊರಟ.

"ಏನ್ ಅಂಕಲ್, ಕೆರೆಗೇ ಬಾಯಿ ಹಾಕಿದ್ರಾ?" ಎಂದಳು ತೂಕ ನೋಡಿದ ಸಿಸ್ಟರ್. ಮಾವ ಹಸುವಿನಂಥ ಮುಖ ಮಾಡಿದ.

ಯಂತ್ರ ತನ್ನ ಕೆಲಸ ಶುರು ಮಾಡಿತು. ಮೊದಮೊದಲು ಮಾವ ಚೊಂಬಿನ ಕನಸು ಕಾಣುತ್ತಿದ್ದ. ಕೊನೆಕೊನೆಗೆ ಕಾಲಿನ ಮೀನಖಂಡ ಹಿಡಿದುಕೊಂಡಿತು, ಒದ್ದೆ ಬಟ್ಟೆ ಹಿಂಡಿದ ಹಾಗೆ. ಅಯ್ಯೋ ಎನ್ನುವಷ್ಟರಲ್ಲಿ ಕಣ್ಣು ಕತ್ತಲೆಯಾಯಿತು, ಬಿಪಿ ಪಾತಾಳ ಸೇರಿತು. ಸಿಸ್ಟರ್ ಓಡಿ ಬಂದು ನೀರು ಎಳೆಯುವುದನ್ನು ನಿಲ್ಲಿಸಿ, ಕಾಲು ಎತ್ತರಿಸಿ, ಸಲೈನ್ ಬಿಟ್ಟಳು. ಹೊರಗೆ ಕೂತಿದ್ದ ಹೆಂಡತಿಯನ್ನೂ ಕರೆಸಿದರು. ಅಂಗಿ ಸಡಿಲಿಸುವಾಗ ಬಟ್ಟು ಠಣ್ ಎಂದು ನೆಲಕ್ಕೆ ಬಿತ್ತು.

"ಇದೇನಾ ಅಂಕಲ್, ನಿಮ್ಮ ಕಿಡ್ನಿ ಸ್ಟೋನು?" ಸಿಸ್ಟರ್ ಅದನ್ನು ಎತ್ತಿ ಹಿಡಿದಳು. ಆಮೇಲೆ ಮತ್ತೊಮ್ಮೆ ಬಿಪಿ ನೋಡಿದಳು. "ಇಲ್ಲದ ನೀರನ್ನ ಮಷಿನ್ ಎಲ್ಲಿಂದ ತರುತ್ತೆ? ರಕ್ತದಿಂದ್ಲೇ ಎಳೆಯುತ್ತೆ. ಜೀವ ಹೋಗಿದ್ರೆ?"

ಹೆಂಡತಿ ಬಟ್ಟನ್ನು ಅದೇ ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಮನೆಗೆ ಬಂದು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಬೈದಿದ್ದರೆ ಮಾವ ತಿರುಗಿ ಬೈದು ಹಗುರಾಗುತ್ತಿದ್ದ.

ಮಧ್ಯಾಹ್ನ ನಿದ್ದೆಯಿಂದ ಎದ್ದಾಗ ಆಕೆ ಕಾಣಲಿಲ್ಲ. ಹುಡುಕಿಕೊಂಡು ಹೋದ. ಅವತ್ತು ಬಚ್ಚಲ ಚಿಲಕ ಹಾಕಲು ಮರೆತಿದ್ದಳು. ಗೋಡೆ ಕಡೆ ಮುಖ ಮಾಡಿ ಚೊಂಬಿನಿಂದ ನೀರು ಕುಡಿಯುತ್ತಿದ್ದಳು, ಸದ್ದಾಗದ ಹಾಗೆ, ಗುಟುಕು ಗುಟುಕಾಗಿ.

ತನಗೆ ಕಾಯಿಲೆ ಬಂದ ಮೇಲೆ ಆಕೆ ನೀರು ಕುಡಿದದ್ದನ್ನು ತಾನು ನೋಡಿಯೇ ಇಲ್ಲ! ಮಾವನಿಗೆ ನಾಚಿಕೆಯಾಯಿತು, ಬಾಯಾರಿಕೆಯೂ ಮರೆತುಹೋಗುವಷ್ಟು.

"ಎಷ್ಟು ದಿನದಿಂದ ಈ ಕಳ್ಳತನ?"

ಆಕೆ ಬೆಚ್ಚಿದಳು. "ನಿಮ್ಮೆದುರಿಗೆ ಕುಡಿದ್ರೆ ಗಂಟಲಲ್ಲಿ ಇಳಿಯಲ್ಲ ರೀ."

"ಬಚ್ಚಲಲ್ಲಿ ನೀರು ಕುಡಿಯೋಕೆ ನೀನೇನು ಹಲ್ಲಿನಾ? ಬಾ ಹೊರಗೆ."

ಅಡುಗೆಮನೆಯಲ್ಲಿ ಕೂರಿಸಿ, ತಾನೇ ಚೊಂಬು ತುಂಬಿ ಆಕೆಯ ಕೈಗೆ ಕೊಟ್ಟ. ತನಗೊಂದು ಐಸ್ ಚೂರು ತೆಗೆದುಕೊಂಡು ಎದುರಿಗೆ ಕೂತ.

"ಕುಡಿ. ಗಟಗಟ ಸದ್ದು ಬರ್ಬೇಕು. ಮೋಸ ಮಾಡಿದ್ರೆ ಗೊತ್ತಾಗುತ್ತೆ ನಂಗೆ."

ಆಕೆ ಅಳುತ್ತಲೇ ಕುಡಿದಳು. ಅರ್ಧ ಮೈಮೇಲೆ ಹೋಯಿತು.

"ಚೆಲ್ಲಬೇಡ್ವೇ ಪುಣ್ಯಾತ್ಗಿತ್ತಿ, ನೀರಿನ ಬೆಲೆ ನನ್ನ ಕೇಳು" ಎಂದ ಮಾವ, ಐಸ್ ಚೂರನ್ನು ಕೆನ್ನೆಗೆ ಒತ್ತರಿಸಿಕೊಂಡು, ಚೊಂಬು ಖಾಲಿಯಾಗುವವರೆಗೂ ನೋಡುತ್ತಾ ಕೂತ.