ಇನ್ನೂರ ಹನ್ನೆರಡು ಬಾಟಲಿ

ಹತ್ತೊಂಬತ್ತು ವರ್ಷ ನಾನು ಬಾಟಲಿಗೆ ಲೇಬಲ್ ಅಂಟಿಸಿದವಳು. ಅಂಟು ಸವರಿದ ಹಲಗೆಯ ಮೇಲೆ ಕಾಗದ ಒತ್ತಿ, ಎರಡು ಬೆರಳಲ್ಲಿ ಎತ್ತಿ, ಬಾಟಲಿಯ ಹೊಟ್ಟೆಗೆ ಸುತ್ತಿ, ಒಣಬಟ್ಟೆಯಲ್ಲಿ ಒಮ್ಮೆ ಒತ್ತಿದರೆ ಮುಗಿಯಿತು. ನನ್ನ ಲೇಬಲ್ ಒಂದು ಸೊಟ್ಟಗಿದ್ದರೂ ತೋರಿಸಿ, ನಿಮ್ಮ ಮನೆ ಪಾತ್ರೆ ತೊಳೆದುಕೊಡುತ್ತೇನೆ ಎಂದು ಪಂತ ಕಟ್ಟುತ್ತಿದ್ದೆ. ಇದುವರೆಗೆ ಯಾರ ಮನೆಯ ಪಾತ್ರೆಯನ್ನೂ ತೊಳೆದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ನನ್ನ ಬಗ್ಗೆ ಒಳ್ಳೆಯ ಮಾತನ್ನು ಯಾರೂ ನಂಬುವುದಿಲ್ಲ.

ನಮ್ಮದು ಕೆಮ್ಮಿನ ಔಷಧಿಯ ಸಣ್ಣ ಕಾರ್ಖಾನೆ. ಔಷಧಿ ಎರಡೇ ಬಗೆ: ದೊಡ್ಡವರದು, ಮಕ್ಕಳದು. ದೊಡ್ಡವರದು ಖಡಕ್ಕು, ಮಕ್ಕಳದು ತೀರಾ ತೆಳು. ಎರಡಕ್ಕೂ ಅದೇ ಕಂದು ಬಾಟಲಿ, ಲೇಬಲ್ಲಿಗೆ ಅದೇ ಅಳತೆ, ಅದೇ ಹಸಿರು. ಒಂದು ಸಾಲು ಮಾತ್ರ ಬೇರೆ. ಅದಕ್ಕೇ ನಾನೊಂದು ಪದ್ಧತಿ ಹಾಕಿದ್ದೆ. ಲೇಬಲ್ಲಿನ ಹೊಸ ಕಟ್ಟು ಬಿಚ್ಚಿದವರು ಮೊದಲನೆಯದನ್ನು ಗಟ್ಟಿಯಾಗಿ ಓದಬೇಕು. ಮೇಜಿನ ಆ ತುದಿಯಲ್ಲಿ ಕೂತವರು ಬಾಟಲಿ ಬಂದ ಕ್ರೇಟಿನ ಚೀಟಿ ನೋಡಿ ‘ಸರಿ’ ಅನ್ನಬೇಕು. ‘ಸರಿ’ ಕೇಳಿಸದೆ ಒಂದನ್ನೂ ಅಂಟಿಸುವಂತಿಲ್ಲ. ಎಲ್ಲರೂ ನಗುತ್ತಿದ್ದರು, ಆದರೂ ಹಾಗೇ ಮಾಡುತ್ತಿದ್ದರು.

ಆ ‘ಸರಿ’ ಹೇಳುತ್ತಿದ್ದವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಚಿಕ್ಕವಳು. ನಾಲ್ಕು ವರ್ಷದ ಹಿಂದೆ ಮ್ಯಾನೇಜರ ಮುಂದೆ ನಿಂತು ಅವಳಿಗೆ ಕೆಲಸ ಕೇಳಿದವಳು ನಾನು. ಕೈ ಹಿಡಿದು ಕಲಿಸಿದವಳೂ ನಾನೇ. ಮೊದಲ ವಾರ ಅವಳ ಲೇಬಲ್ಲುಗಳೆಲ್ಲ ಕಿವಿ ಎತ್ತಿಕೊಂಡು ನಿಲ್ಲುತ್ತಿದ್ದವು. ಬಾಟಲಿ ಒದ್ದೆ ಇದ್ದರೆ ಅಂಟು ಹಿಡಿಯಲ್ಲ ಕಣೇ, ಮೊದಲು ಒರೆಸು ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಆಮೇಲೆ ಲೇಬಲ್ ಅಂಟಿಸುವ ಮಷೀನು ಬಂತು.

ಮ್ಯಾನೇಜರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಇದನ್ನು ನಡೆಸಲು ಒಬ್ಬರು ಕಲಿಯಬೇಕು, ಯಾರು ಬರುತ್ತೀರಿ ಎಂದು ಕೇಳಿದರು. ನಾನು ಕೈ ಎತ್ತಲಿಲ್ಲ. ಹತ್ತೊಂಬತ್ತು ವರ್ಷ ದುಡಿದವಳು ಶಾಲೆಯ ಹುಡುಗಿಯ ಹಾಗೆ ಕೈ ಎತ್ತಬೇಕೇ? ಅವರೇ ಕರೆಯಲಿ ಎಂದುಕೊಂಡೆ. ಚಿಕ್ಕವಳು ನನ್ನ ಕಡೆ ತಿರುಗಿ, ನೀವು ಹೋಗಲ್ವಾ ಅಕ್ಕ ಎಂದು ಮೆಲ್ಲಗೆ ಕೇಳಿದಳು. ಆ ಡಬ್ಬಾ ನನಗ್ಯಾಕೆ, ಬೇಕಾದರೆ ನೀನೇ ಹೋಗು ಎಂದೆ. ಅವಳು ನಿಜವಾಗಿಯೂ ಹೋಗಿಬಿಟ್ಟಳು! ಆವತ್ತು ಹೊಟ್ಟೆಯಲ್ಲಿ ಹತ್ತಿಕೊಂಡ ಉರಿ ಇವತ್ತಿಗೂ ಆರಿಲ್ಲ.

ಮೂರು ದಿನ ಮಷೀನು ಜೋಡಿಸಲು ಬಂದ ಮೆಕ್ಯಾನಿಕ್ ಅವಳಿಗೆ ಪಾಠ ಮಾಡಿದ. ನಾನು ಅತ್ತ ನೋಡದವಳ ಹಾಗೆ ಇತ್ತ ಅಂಟಿಸುತ್ತ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡೆ. ಲೇಬಲ್ಲುಗಳು ನುಣುಪಾದ ಉದ್ದನೆಯ ಕಾಗದದ ಮೇಲೆ ಒಂದರ ಹಿಂದೊಂದು ಕೂತು, ರೋಲಾಗಿ ಬರುತ್ತವೆ. ಆ ಕಾಗದ ಒಂದು ತಗಡಿನ ಚೂಪು ಅಂಚಿನ ಬಳಿ ಗಕ್ಕನೆ ಹಿಂದಕ್ಕೆ ತಿರುಗುತ್ತದೆ. ಲೇಬಲ್ ದಪ್ಪ, ತಿರುಗಲಾರದು, ಮುಂದಕ್ಕೇ ಚಾಚಿಕೊಂಡು ಬಿಡಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಬೆಲ್ಟಿನ ಮೇಲೆ ಬಾಟಲಿ ಬಂದಿರುತ್ತದೆ, ಅಂಟಿಕೊಳ್ಳುತ್ತದೆ, ಸ್ಪಂಜಿನ ಉರುಳೆ ಅದನ್ನು ಸುತ್ತ ಒತ್ತಿ ಕಳಿಸುತ್ತದೆ. ಇದನ್ನೆಲ್ಲ ಕಾಯುವುದು ಎರಡು ಸೆನ್ಸರು. ಒಂದು ಬಾಟಲಿ ಬಂತೇ ಎಂದು ನೋಡುತ್ತದೆ. ಇನ್ನೊಂದು, ಲೇಬಲ್ಲಿಗೂ ಲೇಬಲ್ಲಿಗೂ ನಡುವಿನ ಸಂದನ್ನು ನೋಡಿ, ಒಂದು ಮುಗಿಯಿತು, ನಿಲ್ಲು ಎನ್ನುತ್ತದೆ.

‘ಹಾಗಾದ್ರೆ ಅದು ಲೇಬಲ್ ಓದಲ್ವಾ?’ ಎಂದು ಚಿಕ್ಕವಳು ಕೇಳಿದಳು.

‘ಇಲ್ಲಮ್ಮ, ಈ ಮಷೀನಿಗೆ ಅಕ್ಷರ ಬರಲ್ಲ. ಇದಕ್ಕೆ ಕಾಣೋದು ಸಂದು ಒಂದೇ,’ ಎಂದ ಮೆಕ್ಯಾನಿಕ್. ಒಳ್ಳೆ ಪ್ರಶ್ನೆ ಕೇಳಿದೆ ಎಂದು ಹೊಗಳಿದ ಬೇರೆ. ನನ್ನ ಕೈಯಲ್ಲಿದ್ದ ಲೇಬಲ್ ಹರಿದುಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಹರಿದ ಲೇಬಲ್ಲುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಮೊದಲ ದಿನ ಮಷೀನಿನಿಂದ ಬಂದ ಬಾಟಲಿಗಳ ಮೇಲೆ ಲೇಬಲ್ಲಿನ ಅಂಚು ಏಳತೊಡಗಿತು. ಮೆಕ್ಯಾನಿಕ್ ವೇಗ ಕಡಿಮೆ ಮಾಡಿದ, ಉರುಳೆ ಬಿಗಿ ಮಾಡಿದ, ತಲೆ ಕೆರೆದುಕೊಂಡ. ಬಾಟಲಿ ಒದ್ದೆಯಿದೆ ಎಂದು ನನಗೆ ದೂರದಿಂದಲೇ ಗೊತ್ತಾಗಿತ್ತು. ತುಟಿ ಪಿಟಕ್ಕೆನ್ನಲಿಲ್ಲ. ಅರ್ಧ ಗಂಟೆ ಆನಂದವಾಗಿ ಕೂತಿದ್ದೆ. ಕೊನೆಗೆ ಚಿಕ್ಕವಳೇ ಒಂದು ಬಾಟಲಿ ಎತ್ತಿ ಸೆರಗಿನಲ್ಲಿ ಒರೆಸಿ ನೋಡಿ, ಒದ್ದೆ ಇದೆ ಸಾರ್, ನಮ್ಮಕ್ಕ ಹೇಳಿಕೊಟ್ಟಿದ್ದಾರೆ ಎಂದಳು. ನನ್ನ ಹೆಸರಿನಲ್ಲಿ ಗೆದ್ದಳು ನೋಡಿ! ಅದು ಇನ್ನೂ ಉರಿಸಿತು.

ಕೈಮೇಜು ಎತ್ತಿ ಮೂಲೆಗೆ ಹಾಕಿದರು. ನನ್ನನ್ನು ಬೆಲ್ಟಿನ ತುದಿಯಲ್ಲಿ ಚೆಕಿಂಗ್‌ಗೆ ನಿಲ್ಲಿಸಿದರು. ಮುಂದೆ ಹಾದುಹೋಗುವ ಬಾಟಲಿ ನೋಡುವುದು, ತಪ್ಪಿದ್ದರೆ ತೆಗೆಯುವುದು, ದೊಡ್ಡ ತಪ್ಪಾದರೆ ಪಕ್ಕದ ಅಂಗೈಯಗಲದ ಕೆಂಪು ಗುಂಡಿ ಒತ್ತಿ ಮಷೀನು ನಿಲ್ಲಿಸುವುದು. ಚಿಕ್ಕವಳು ಲೇಬಲ್ ಹಚ್ಚಿ ಕಳಿಸಬೇಕು, ನಾನು ಅದನ್ನು ನೋಡುತ್ತ ನಿಂತಿರಬೇಕು. ಮನೆಗೆ ಹೋದರೆ ಅತ್ತೆ ಪಕ್ಕದ ಮನೆಯವರಿಗೆ, ನಮ್ಮ ಚಿಕ್ಕ ಸೊಸೆ ಮಷೀನು ನಡೆಸುತ್ತಾಳೆ ಎನ್ನುತ್ತಿದ್ದರು. ದೊಡ್ಡ ಸೊಸೆ ಏನು ಮಾಡುತ್ತಾಳೆ ಎಂದು ಯಾರೂ ಕೇಳುತ್ತಿರಲಿಲ್ಲ. ಗಂಡನ ಹತ್ತಿರ ಗೋಳು ತೋಡಿಕೊಂಡರೆ, ನೀನೇ ತಾನೇ ಹೋಗು ಅಂದದ್ದು ಎಂದು ಪೇಪರ್ ಮುಖಕ್ಕೆ ಅಡ್ಡ ಹಿಡಿದ. ಇಂಥವನ ಹತ್ತಿರ ಏನು ಹೇಳಿಕೊಳ್ಳುವುದು?

ರೋಲು ಮುಗಿದು ಹೊಸದನ್ನು ಜೋಡಿಸುವಾಗ ಚಿಕ್ಕವಳು ನಮ್ಮ ಹಳೆಯ ಪದ್ಧತಿಯನ್ನು ಬಿಟ್ಟಿರಲಿಲ್ಲ. ಮೊದಲ ಲೇಬಲ್ ಗಟ್ಟಿಯಾಗಿ ಓದುತ್ತಿದ್ದಳು, ನನ್ನ ‘ಸರಿ’ಗೆ ಕಾಯುತ್ತಿದ್ದಳು. ಆಮೇಲೆ ಪರದೆಯ ಮೇಲಿನ ಎಣಿಕೆಯನ್ನು ಸೊನ್ನೆ ಮಾಡಿ ಚಾಲೂ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ, ಒಂದು ಗುಂಡಿ ಒತ್ತೋದಕ್ಕೆ ಇಷ್ಟು ಬಿಂಕ ಯಾಕೋ ಎಂದು ಗೋಡೆಗೆ ಹೇಳುವ ಹಾಗೆ ಹೇಳಿದೆ. ಅವಳಿಗೂ ಬಾಯಿದೆ. ಗುಂಡಿ ಒತ್ತೋದು ನಿಮಗೂ ಇದೆಯಲ್ಲ ಅಕ್ಕ, ಕೆಂಪುದು ಎಂದಳು. ಆವತ್ತಿನಿಂದ ಮಾತು ಬಿಟ್ಟೆ. ಅವಳು ಲೇಬಲ್ ಓದಿದರೂ ನಾನು ‘ಸರಿ’ ಅನ್ನಲಿಲ್ಲ, ಬರೀ ತಲೆ ಆಡಿಸಿದೆ. ಎರಡು ದಿನ ಆದ ಮೇಲೆ ತಲೆಯನ್ನೂ ಆಡಿಸಲಿಲ್ಲ. ಆಮೇಲೆ ಅವಳೂ ಓದುವುದನ್ನು ನಿಲ್ಲಿಸಿದಳು. ಇಬ್ಬರೂ ಮುಖ ಗಂಟಿಕ್ಕಿಕೊಂಡು ಒಂದೇ ಬೆಲ್ಟಿನ ಎರಡು ತುದಿಯಲ್ಲಿ ನಿಂತೆವು.

ಮಾತು ಬಿಟ್ಟ ಎಂಟನೆಯ ದಿನ ಅದು ಆಯಿತು.

ಆವತ್ತು ದೊಡ್ಡವರ ಔಷಧಿ. ಹತ್ತೂವರೆ ಹೊತ್ತಿಗೆ ರೋಲು ಮುಗಿಯಿತು. ಚಿಕ್ಕವಳು ಸ್ಟೋರಿನವನು ತಂದಿಟ್ಟ ಹೊಸ ರೋಲನ್ನು ಏರಿಸಿ, ಹಳೆಯದರ ಬಾಲಕ್ಕೆ ಹೊಸದರ ತಲೆಯನ್ನು ಟೇಪಿನಿಂದ ಅಂಟಿಸಿದಳು. ಸಂದು ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಕೈ ಓಡಿಸುವುದನ್ನು ಕಲಿಸಿದವಳು ನಾನೇ. ಮಷೀನು ಒಂದು ಕ್ಷಣವೂ ತಡವರಿಸದೆ ಹೊರಟಿತು. ನನ್ನ ಮುಂದೆ ಬಂದ ಮೊದಲ ಬಾಟಲಿಯನ್ನೇ ಓದಿದೆ: ಮಕ್ಕಳಿಗೆ, ಎರಡು ಚಮಚ, ದಿನಕ್ಕೆ ಮೂರು ಸಲ.

ಒಳಗಿರುವುದು ದೊಡ್ಡವರ ಖಡಕ್ ಔಷಧಿ. ಹೊರಗೆ ಮಕ್ಕಳ ಲೇಬಲ್.

ಕೈ ಗುಂಡಿಯ ಕಡೆ ಹೋಯಿತು, ಸುಳ್ಳು ಹೇಳುವುದಿಲ್ಲ. ಅರ್ಧ ದಾರಿಯಲ್ಲಿ ನಿಂತಿತು. ಒಂದು ಬಾಟಲಿಗೆ ನಿಲ್ಲಿಸಿದರೆ ಏನಾಗುತ್ತದೆ? ನಕ್ಕು ಸುಮ್ಮನಾಗುತ್ತಾರೆ. ಹತ್ತಕ್ಕೆ ನಿಲ್ಲಿಸಿದರೆ ಒಂದು ಬೈಗುಳ. ಇನ್ನಷ್ಟು ಹೋಗಲಿ ಎಂದುಕೊಂಡೆ. ಮ್ಯಾನೇಜರು ಬಂದು ಕಣ್ಣಾರೆ ನೋಡಬೇಕು, ಈ ಮಷೀನಿಗೆ ಸರಿಯಾದವಳು ಯಾರು ಎಂದು ಗೊತ್ತಾಗಬೇಕು. ಬಾಟಲಿ ಹೋಗುತ್ತಲೇ ಇತ್ತು. ನಾನು ಒಂದೊಂದನ್ನೂ ಓದುತ್ತಿದ್ದೆ. ಮಕ್ಕಳಿಗೆ. ಮಕ್ಕಳಿಗೆ. ಮಕ್ಕಳಿಗೆ. ನನ್ನ ಹಿಂದೆ ಪ್ಯಾಕಿಂಗಿನ ಇಬ್ಬರು ನನಗೆ ಬೆನ್ನು ಹಾಕಿ ಕೂತಿದ್ದರು. ಅವರು ಮುಚ್ಚಳ ಹಿಡಿದು ಬಾಟಲಿ ಎತ್ತಿ ಪೆಟ್ಟಿಗೆಗೆ ಇಳಿಸುವವರು, ಲೇಬಲ್ ನೋಡುವ ಕೆಲಸ ಅವರದಲ್ಲ. ಒಂದು ಪೆಟ್ಟಿಗೆಗೆ ನಲವತ್ತೆಂಟು. ಒಂದು ತುಂಬಿತು, ಎರಡು ತುಂಬಿತು. ಚಿಕ್ಕವಳು ಆ ತುದಿಯಲ್ಲಿ ಪರದೆ ನೋಡುತ್ತ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದಳು. ನನಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು.

ನಾಲ್ಕನೆಯ ಪೆಟ್ಟಿಗೆಗೆ ಟೇಪ್ ಹೊಡೆದ ಸದ್ದಾಯಿತು. ತಿರುಗಿ ನೋಡಿದರೆ ನಾಲ್ಕನ್ನೂ ಗಾಡಿಗೆ ಏರಿಸಿ ಲಾರಿಯ ಬಾಗಿಲಿಗೆ ತಳ್ಳುತ್ತಿದ್ದರು. ಷಟರು ಅರ್ಧ ಎದ್ದಿತ್ತು, ಕೆಳಗೆ ಬಿಸಿಲು ಕಾಣುತ್ತಿತ್ತು. ಅಷ್ಟು ಹೊತ್ತು ಆ ಬಾಟಲಿಗಳೆಲ್ಲ ಚಿಕ್ಕವಳ ತಪ್ಪಾಗಿ ಕಾಣುತ್ತಿದ್ದವು. ಷಟರಿನಾಚೆ ಹೋದ ಮೇಲೆ ಅವುಗಳನ್ನು ಕೆಮ್ಮುವ ಮಕ್ಕಳ ಬಾಯಿಗೆ ಚಮಚದಲ್ಲಿ ಹಾಕುತ್ತಾರೆ ಎಂಬುದು ಆಗ ತಲೆಗೆ ಹೋಯಿತು. ಕೆಂಪು ಗುಂಡಿಯ ಮೇಲೆ ಎರಡೂ ಕೈ ಊರಿ ಒತ್ತಿದೆ. ಗಾಡಿ ನಿಲ್ಲಿಸಿ ಎಂದು ಕಿರುಚಿದೆ.

ಮ್ಯಾನೇಜರು ಓಡಿಬಂದರು. ಲೇಬಲ್ ನೋಡಿ ಅವರ ಮುಖ ಬಿಳಿಚಿಕೊಂಡಿತು. ಎಷ್ಟು ಹೋಗಿದೆ ಎಂದರು. ಚಿಕ್ಕವಳು ಪರದೆ ನೋಡಿ ಇನ್ನೂರ ಹನ್ನೆರಡು ಎಂದಳು. ಹೇಳಿದವಳೇ ತಲೆ ಎತ್ತಿ ನನ್ನನ್ನು ನೋಡಿದಳು. ನಿಮಿಷಕ್ಕೆ ನಲವತ್ತು ಬಾಟಲಿ. ಐದು ನಿಮಿಷಕ್ಕೂ ಹೆಚ್ಚು. ಲೆಕ್ಕ ಅವಳ ಕಣ್ಣಲ್ಲಿ ಮುಗಿದದ್ದು ನನಗೆ ಕಾಣಿಸಿತು.

ಹೊಸ ರೋಲು ಓದಿದ್ದೆಯಾ ಎಂದು ಮ್ಯಾನೇಜರು ಅವಳನ್ನು ಕೇಳಿದರು. ಇಲ್ಲ ಎಂದಳು. ಯಾಕೆ ಎಂದದ್ದಕ್ಕೆ ಮರೆತೆ ಎಂದಳು. ಆಮೇಲೆ ಅವರು ನನ್ನ ಕಡೆ ತಿರುಗಿದರು.

‘ಇನ್ನೂರ ಹನ್ನೆರಡು ಬಾಟಲಿ ನಿಮ್ಮ ಮೂಗಿನ ಕೆಳಗೆ ಹೋಗೋವರೆಗೂ ನೀವೇನಮ್ಮ ಮಾಡ್ತಿದ್ರಿ?’

ನಾನು ಬೆಲ್ಟಿನ ಮೇಲೆ ನಿಂತಿದ್ದ ಬಾಟಲಿಯೊಂದನ್ನು ಎತ್ತಿಕೊಂಡೆ.

‘ಅಕ್ಕ ಇಲ್ಲಿರ್ಲಿಲ್ಲ ಸಾರ್,’ ಎಂದಳು ಚಿಕ್ಕವಳು. ‘ಟೇಪು ಮುಗೀತಾ ಬಂದಿತ್ತು. ತಗೊಂಡು ಬನ್ನಿ ಅಂತ ನಾನೇ ಸ್ಟೋರಿಗೆ ಕಳ್ಸಿದ್ದೆ. ವಾಪಸ್ ಬಂದವರೇ ನೋಡಿ ಗುಂಡಿ ಒತ್ತಿದ್ರು.’

ಬಾಯಿ ಬಿಡುವುದಕ್ಕೆ ನನಗೆ ಬೇಕಾದಷ್ಟು ಹೊತ್ತಿತ್ತು. ಬಿಡಲಿಲ್ಲ. ಒಂದೇ ಬೆಳಿಗ್ಗೆ ಎರಡು ಸಲ ಸುಮ್ಮನಿದ್ದೆ. ಮ್ಯಾನೇಜರು ಎಲ್ಲರ ಮುಂದೆ, ಅನುಭವ ಅಂದರೆ ಇದು, ಇವರಿಲ್ಲದಿದ್ದರೆ ಏನು ಗತಿಯಾಗುತ್ತಿತ್ತು ಎಂದರು. ನಾಳೆಯಿಂದ ಮಷೀನಿಗೆ ನಾನು, ಚೆಕಿಂಗಿಗೆ ಚಿಕ್ಕವಳು. ಹಗಲೂ ರಾತ್ರಿ ಬಯಸಿದ ಮಾತು ಕಿವಿಗೆ ಬಿತ್ತು. ತಲೆ ತಗ್ಗಿಸಿ ಕೇಳಿಸಿಕೊಂಡೆ.

ಮಧ್ಯಾಹ್ನ ಮೂಲೆಯ ಹಳೆಯ ಕೈಮೇಜನ್ನು ಎಳೆದು, ಬಿಸಿನೀರಿನ ಬಕೆಟ್ ಇಟ್ಟುಕೊಂಡು, ಇಬ್ಬರೂ ಎದುರುಬದುರು ಕೂತು ಇನ್ನೂರ ಹನ್ನೆರಡು ಲೇಬಲ್ ಕಿತ್ತೆವು. ನೂರು ಮುಗಿಯಿತು. ಆಮೇಲೆ ನನಗೇ ತಡೆಯಲಾಗಲಿಲ್ಲ.

‘ಯಾಕೆ ಸುಳ್ಳು ಹೇಳ್ದೆ?’

ಅವಳು ಉಗುರಿನಿಂದ ಅಂಟು ಕೆರೆಯುತ್ತಲೇ ಇದ್ದಳು. ‘ನೀವು ಸರಿ ಅನ್ನಲ್ಲ ಅಂತ ಹಟಕ್ಕೆ ಓದ್ಲಿಲ್ಲ ನಾನು. ಮರೆತಿದ್ದಲ್ಲ.’ ಇನ್ನೊಂದು ಲೇಬಲ್ ಕಿತ್ತು, ‘ಕೊನೆಗಾದ್ರೂ ಒತ್ತಿದ್ರಲ್ಲ ಅಕ್ಕ,’ ಎಂದಳು.

ಬೈದಿದ್ದರೆ ನಾಲ್ಕು ಮಾತು ತಿರುಗಿಸಿ ಹೇಳುತ್ತಿದ್ದೆ, ಅದು ನನಗೆ ಬರುತ್ತದೆ. ಅವಳು ಬೈಯಲಿಲ್ಲ. ಒರೆಸಿದ ಬಾಟಲಿಯನ್ನು ನನ್ನ ಕಡೆ ಸರಿಸಿ ಇನ್ನೊಂದನ್ನು ಎತ್ತಿಕೊಂಡಳು. ನಾನಾಗಿದ್ದರೆ ಮನೆಯವರನ್ನೆಲ್ಲ ಕೂಡಿಸಿ ಇವಳ ಮಾನ ಕಳೆಯುತ್ತಿದ್ದೆ. ಇವಳಿಗೆ ಹೀಗಿರಲು ಹೇಗೆ ಆಗುತ್ತದೆ? ಇದನ್ನು ನಾನು ಕಲಿಸಿರಲಿಲ್ಲ. ಮಷೀನು ನನ್ನ ಕೈಗೆ ಬಂದ ಆ ದಿನವೇ, ಅದಕ್ಕಿಂತ ದೊಡ್ಡದೊಂದು ಅವಳ ಹತ್ತಿರ ಇದೆ ಎಂದು ಹೊಟ್ಟೆ ಮತ್ತೆ ಉರಿಯತೊಡಗಿತು.

ಮರುದಿನ ಹತ್ತೂವರೆಗೆ ನನ್ನ ಮೊದಲ ರೋಲು ಮುಗಿಯಿತು. ಹೊಸದನ್ನು ಏರಿಸಿದೆ, ಸಂದು ಅಳೆದು ಅಂಟಿಸಿದೆ. ಮೊದಲ ಲೇಬಲ್ಲನ್ನು ಗಟ್ಟಿಯಾಗಿ ಓದಿದೆ: ದೊಡ್ಡವರಿಗೆ, ಒಂದು ಚಮಚ. ಇನ್ನೊಮ್ಮೆ ಮೊದಲಿನಿಂದ ಓದಿದೆ.

‘ಸರಿ ಅಕ್ಕ,’ ಎಂದಳು ಆ ತುದಿಯಿಂದ.

ಎಣಿಕೆಯ ಗುಂಡಿ ಒತ್ತಿದೆ. ಪರದೆಯ ಮೇಲೆ ಸೊನ್ನೆ ಬಂತು. ಬಂದದ್ದು ಸೊನ್ನೆಯೇ, ಆದರೆ ನನ್ನ ಕಣ್ಣಿಗೆ ಅಲ್ಲಿ ಇನ್ನೂ ಇನ್ನೂರ ಹನ್ನೆರಡೇ ಕಾಣುತ್ತಿತ್ತು. ಮಷೀನು ಚಾಲೂ ಮಾಡಿದೆ.