ಹೆಸರು ಕರೆದರೆ ತಿರುಗದ ಒಸ್ಸಿ

ಒಸ್ಸಿಗೆ ಎರಡೂವರೆ ವರ್ಷ. ಇನ್ನೂ ಅಮ್ಮಾ ಅಂದಿಲ್ಲ. ಆಟದ ಕಾರನ್ನು ಮಗುಚಿ ಹಾಕಿ ಚಕ್ರ ತಿರುಗಿಸುತ್ತ ಕೂತರೆ ಊಟದ ನೆನಪೂ ಇಲ್ಲ. ಬೇರೆ ಊರಾಗಿದ್ದರೆ ನೆರೆಹೊರೆಯವರು ತಲೆಗೊಂದು ಸಲಹೆ ಕೊಟ್ಟಿರುತ್ತಿದ್ದರು. ನಮ್ಮದು ಫಿನ್ಲೆಂಡಿನ ಸರೋವರದ ದಂಡೆಯ ಹಳ್ಳಿ. ಇಲ್ಲಿ ಕಡಿಮೆ ಮಾತಾಡುವವನೇ ಮರ್ಯಾದಸ್ಥ. ಹಾಗಾಗಿ ಅಪ್ಪ ಯಾರ್ಕೊ ಮಗನ ಮೌನ ಕಂಡು ಹಿಗ್ಗುತ್ತಿದ್ದ.

ಆ ಏಪ್ರಿಲ್ ಬೆಳಿಗ್ಗೆ ಹನ್ನೊಂದಕ್ಕೆ ಮಕ್ಕಳ ಆರೋಗ್ಯ ಕೇಂದ್ರದಲ್ಲಿ ಒಸ್ಸಿಯ ತಪಾಸಣೆ ಇತ್ತು.

"ಬರೋದಿಲ್ಲ ಅಂತ ಫೋನ್ ಮಾಡಿ ಹೇಳಿಬಿಡು," ಅಂದ ಯಾರ್ಕೊ, ಕಾಫಿ ಹೀರುತ್ತ.

"ಇದು ತಪ್ಪಿದ್ರೆ ಮುಂದಿನ ಸರದಿ ಚಳಿಗಾಲಕ್ಕೇ ಕಣೋ," ಅಂದಳು ಹೆಂಡತಿ ಹೆನ್ನಾ.

"ಆಗಲಿ ಬಿಡು. ನಾನೂ ಮೂರು ತುಂಬೋವರೆಗೆ ಬಾಯಿ ಬಿಟ್ಟಿರಲಿಲ್ಲ. ನಮ್ಮಪ್ಪ ಅಂತೂ ಮದುವೆ ದಿನಾನೂ ಮಾತಾಡಲಿಲ್ಲವಂತೆ!"

"ತಮಾಷೆ ಸಾಕು. ನಿಮ್ಮಪ್ಪ ಬೇಕಾದ್ದನ್ನ ಬೆರಳು ಮಾಡಿಯಾದ್ರೂ ತೋರಿಸ್ತಿದ್ರು. ಇವನು ನನ್ನ ಕೈ ಎಳೆದು ಬಿಸ್ಕತ್ತಿನ ಡಬ್ಬಿ ಮೇಲೆ ಇಡ್ತಾನೆ, ಮುಖ ನೋಡಲ್ಲ. ಹೋದ ಸಲ ಫಾರಂನಲ್ಲಿ 'ಕರೆದರೆ ತಿರುಗುತ್ತಾನೆಯೇ' ಅಂತ ಕೇಳಿದ್ದಕ್ಕೆ ನೀನು ಹೌದು ಅಂತ ಗುರುತು ಹಾಕಿ ಬಂದೆ. ನನಗೆ ಎಷ್ಟು ಸಿಟ್ಟು ಬಂತು ಗೊತ್ತಾ."

"ನನ್ನ ಮಗನಿಗೆ ಯಾರೂ ಹಣೆಪಟ್ಟಿ ಅಂಟಿಸೋದು ಬೇಡ!" ಯಾರ್ಕೊ ಸಿಡುಕಿ ತಿರುಗಿ ನೋಡಿದ. ಬಾಗಿಲು ತೆರೆದಿತ್ತು. ಒಸ್ಸಿ ಇರಲಿಲ್ಲ.

ಇಬ್ಬರೂ ಓಡಿದರು. ಮಗು ಸರೋವರದ ಮಂಜುಗಡ್ಡೆಯ ಮೇಲೆ ಇಪ್ಪತ್ತು ಹೆಜ್ಜೆ ಹೋಗಿಬಿಟ್ಟಿತ್ತು. ಫೆಬ್ರವರಿಯಲ್ಲಿ ಕಾರು ಓಡಿಸಬಹುದಾದ ಗಡ್ಡೆ ಅದು, ಏಪ್ರಿಲ್ ಬಂತೆಂದರೆ ನಂಬುವ ಹಾಗಿಲ್ಲ. ಆಗಲೇ ಕರಗಿ ತೆಳುವಾಗಿ ಕಪ್ಪಿಟ್ಟಿತ್ತು. ಯಾರ್ಕೊ ಕಾಲಿಟ್ಟ. ಅವನ ಭಾರಕ್ಕೆ ಚರ್ರೆಂದು ಬಿರುಕು ಬಿಟ್ಟಿತು. ಕಾಲು ಹಿಂತೆಗೆದ.

"ಒಸ್ಸಿ! ಒಸ್ಸೀ!"

ಗಂಟಲು ಹರಿಯುವ ಹಾಗೆ ಕೂಗಿದ. ಮಗು ತಿರುಗಲಿಲ್ಲ. ದೂರದಲ್ಲಿ ಹೊಳೆಯುತ್ತಿದ್ದ ನೀರಿನ ಕಡೆಗೇ ನಡೆಯಿತು. ಆರು ಸಲ ಕರೆದ, ಏಳು ಸಲ ಕರೆದ. ಊಹೂಂ.

"ಸೌಟು!" ಎಂದು ಚೀರಿದಳು ಹೆನ್ನಾ. ದಂಡೆಯಲ್ಲೇ ಅವರ ಹಬೆಸ್ನಾನದ ಮನೆ. ಕಾದ ಕಲ್ಲಿಗೆ ನೀರೆರೆಯುವ ತಾಮ್ರದ ಸೌಟು ಬಕೆಟ್ಟಿಗೆ ತಗುಲುವ ಸದ್ದೆಂದರೆ ಒಸ್ಸಿಗೆ ಪ್ರಾಣ. ಒಳಗೆ ಓಡಿ ಸೌಟು, ಬಕೆಟ್ಟು ಎರಡನ್ನೂ ಎತ್ತಿಕೊಂಡು ಬಂದು ಬಡಿದಳು. ಠಣ್, ಠಣ್, ಠಣ್.

ಒಸ್ಸಿ ಗಕ್ಕನೆ ನಿಂತ. ತಿರುಗಿದ. ನಗುತ್ತ ಪುಟುಪುಟು ವಾಪಸು ಬಂದ. ಯಾರ್ಕೊ ಅವನನ್ನು ಬಾಚಿ ತಬ್ಬಿಕೊಂಡು ಅಲ್ಲೇ ಕುಸಿದು ಕೂತ.

"ಅವನಿಗೆ ಕಿವಿ ಕೇಳುತ್ತೆ ಹೆನ್ನಾ. ನಾನು ಕರೆದಿದ್ದು ಮಾತ್ರ ಅವನಿಗೆ ತಲುಪಲೇ ಇಲ್ಲ."

"ಗಂಟೆ ಹತ್ತೂವರೆ. ಎದ್ದೇಳು," ಅಂದಳು ಅವಳು.

ಆರೋಗ್ಯ ಕೇಂದ್ರದ ದಾದಿ ಸಿರ್ಕಾ ಫಾರಂ ಮುಂದಿಟ್ಟಾಗ ಯಾರ್ಕೊ ಈ ಸಲ 'ಇಲ್ಲ' ಅಂತ ಗುರುತು ಹಾಕಿದ. "ಹೋದ ಸಲ ಸುಳ್ಳು ಬರೆದಿದ್ದೆ ಸಿಸ್ಟರ್. ಕರೆದ್ರೆ ಇವನು ತಿರುಗಲ್ಲ. ಏನನ್ನೂ ಬೆರಳು ಮಾಡಿ ತೋರಿಸಲ್ಲ."

"ಇವತ್ತಾದ್ರೂ ಹೇಳಿದ್ರಲ್ಲ, ಒಳ್ಳೇದಾಯ್ತು. ಇದು ಆಟಿಸಂ ಇರಬಹುದು, ಇಲ್ಲದೆಯೂ ಇರಬಹುದು. ತಜ್ಞರು ನೋಡಿ ಹೇಳ್ತಾರೆ. ಕಿವಿ ಪರೀಕ್ಷೆನೂ ಮಾಡಿಸೋಣ. ಆದ್ರೆ ಅವರ ಉತ್ತರ ಬರೋ ತನಕ ಸುಮ್ನೆ ಕೂರೋದು ಬೇಡ. ಮಾತು ಕಲಿಸೋರ ಹತ್ತಿರ ಈಗಲೇ ಕಳಿಸ್ತೀನಿ."

"ನಾವು ಸರಿಯಾಗಿ ಸಾಕಲಿಲ್ವಾ?"

"ಛೆ ಛೆ! ಸಾಕಿದ ರೀತಿಯಿಂದ ಇದು ಬರಲ್ಲ. ಕೆಲವು ಮಕ್ಕಳ ಮೆದುಳು ಬೆಳೆಯೋದೇ ಬೇರೆ ಥರ. ಬೇಗ ಶುರು ಮಾಡಿದ್ರೆ, ತನಗೆ ಬೇಕಾದ್ದನ್ನ ಹೇಳೋ ದಾರಿ ಅವನಿಗೆ ಬೇಗ ಸಿಗುತ್ತೆ."

ಅಕ್ಟೋಬರಿನ ಒಂದು ಸಂಜೆ ಒಸ್ಸಿ, ಬೇಕಾದ್ದನ್ನು ಕೇಳಲೆಂದು ಮಾತು ಕಲಿಸುವವರು ಕೊಟ್ಟಿದ್ದ ಚೀಟಿಗಳಲ್ಲಿ ಸೌಟಿನ ಚಿತ್ರವಿದ್ದುದನ್ನು ತಂದು ಅಪ್ಪನ ಕೈಗಿಟ್ಟ. ಇಟ್ಟು, ಮುಖ ನೋಡಿದ. ಯಾರ್ಕೊ ಕಣ್ಣೊರೆಸಿಕೊಂಡು ಹಬೆಮನೆಯ ಒಲೆ ಹೊತ್ತಿಸಲು ಓಡಿದ.

ಅಪ್ಪ ಅಮ್ಮಂದಿರೇ, ವರ್ಷ ತುಂಬಿದರೂ ನಿಮ್ಮ ಮಗು ಹೆಸರಿಗೆ ತಿರುಗುತ್ತಿಲ್ಲವೇ? ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸುತ್ತಿಲ್ಲವೇ? ಬಂದಿದ್ದ ಮಾತೂ ನಿಂತುಹೋಯಿತೇ? 'ನಮ್ಮ ವಂಶವೇ ಹೀಗೆ' ಎಂದು ಕೂರಬೇಡಿ. ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಏನೂ ತೊಂದರೆ ಇಲ್ಲವೆಂದಾದರೆ ನಿಮಗೆ ಒಂದು ಬೆಳಗಿನ ಕೆಲಸ ಹೋಯಿತು, ಅಷ್ಟೇ. ಇದೆ ಎಂದಾದರೆ ಮಗುವಿಗೆ ಒಂದು ವರ್ಷ ಉಳಿಯಿತು.