ಹಳ್ಳದ ಅಟ್ಟಣೆಗೆ ಹೋಗುವ ಗಾಡಿ

ಒಲೀಟಾಗೆ ಕಿವಿ ಮಂದ ಎಂಬುದು ಬೇಟೆಯ ಕ್ಲಬ್ಬಿನವರಿಗೆಲ್ಲ ಅರೆಬರೆ ಗೊತ್ತಿತ್ತು. ಎಷ್ಟು ಮಂದ ಎಂಬುದು ಗೊತ್ತಿದ್ದದ್ದು ಅವಳೊಬ್ಬಳಿಗೇ. ಮೂವತ್ತೊಂದು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ, ಹೆಣಿಗೆ ಯಂತ್ರಗಳ ನಡುವೆ ನಿಂತು ದುಡಿದ ಹೆಂಗಸು. ಆ ಗದ್ದಲದಲ್ಲಿ ಪಕ್ಕದವಳು ಕೂಗಿದರೂ ಕೇಳಿಸುತ್ತಿರಲಿಲ್ಲವಾದ್ದರಿಂದ ಅಲ್ಲಿನ ಹೆಂಗಸರೆಲ್ಲ ಒಬ್ಬರ ತುಟಿ ಒಬ್ಬರು ನೋಡಿಕೊಂಡೇ ಹರಟುತ್ತಿದ್ದರು. ಮೇಸ್ತ್ರಿಯನ್ನು ಅವನ ಎದುರಿಗೇ ಮನಸಾರೆ ಬೈದುಕೊಳ್ಳುವ ಸುಖ ಅದರಲ್ಲಿತ್ತು. ಕಾರ್ಖಾನೆ ಮುಚ್ಚಿ ಹನ್ನೆರಡು ವರ್ಷವಾದರೂ ಆ ವಿದ್ಯೆ ಅವಳನ್ನು ಬಿಟ್ಟಿರಲಿಲ್ಲ. ಬೇಟೆಯ ಕ್ಲಬ್ಬಿನ ಗಂಡಸರಿಗೆ ಅದನ್ನು ಹೇಳಬೇಕೆಂದು ಅವಳಿಗೆ ಎಂದೂ ಅನಿಸಿರಲಿಲ್ಲ.

ಅಕ್ಟೋಬರಿನ ಆ ಶನಿವಾರ ಕ್ಲಬ್ಬಿನ ಕ್ಯಾಂಪಿನಲ್ಲಿ ಹಂಡೆಗಟ್ಟಲೆ ಕೋಳಿ, ಜೋಳದ ಸಾರು ಕುದಿಯುತ್ತಿತ್ತು. ಒಲೀಟಾ ಅಂಗಳದ ಕೊನೆಯ ನಲ್ಲಿಯಲ್ಲಿ ಸೌಟು ತೊಳೆಯುತ್ತಿದ್ದಳು. ಅರವತ್ತು ಹೆಜ್ಜೆ ಆಚೆ, ಕಾಡಿನ ದಾರಿಯಲ್ಲಿ ಓಡಿಸುವ ಹೊಸ ಬ್ಯಾಟರಿ ಗಾಡಿಗೆ ಒರಗಿಕೊಂಡು, ಅವಳ ಮೈದುನ ರಾಯ್ಸ್ ಪೇಟೆಯ ಹಲ್ಲಿನ ಡಾಕ್ಟರ ಜೊತೆ ಮಾತಾಡುತ್ತಿದ್ದ. ರಾಯ್ಸ್ ಕ್ಲಬ್ಬಿನ ಅಧ್ಯಕ್ಷ. ಅವಳ ಗಂಡ ವೆಂಡೆಲ್ ತೀರಿಕೊಂಡ ಮೇಲೆ ಆ ಕುರ್ಚಿ ಅವನಿಗೆ ಬಂದಿತ್ತು, ಕುರ್ಚಿಯ ಜೊತೆಗೆ ಕೊಬ್ಬೂ ಬಂದಿತ್ತು.

"ಬ್ಯಾಟರಿ ಗಾಡಿ ಮಾತ್ರ ಅಂತ ರೂಲ್ ಮಾಡಿಬಿಟ್ರೆ ಮುಗೀತು ಡಾಕ್ಟ್ರೇ," ಎನ್ನುತ್ತಿತ್ತು ರಾಯ್ಸನ ಬಾಯಿ. "ಆಯಮ್ಮ ಆ ಹಳೇ ಪೆಟ್ರೋಲ್ ಗಾಡಿ ಬಿಡೋದಿಲ್ಲ. ಮಂಡಿ ಆಪರೇಷನ್ ಆಗಿದೆ, ನಡೆಯೋಕೂ ಆಗಲ್ಲ. ತಾನಾಗೇ ಬಂದು ರಸ್ತೆ ಪಕ್ಕದ ಅಟ್ಟಣೆಲಿ ಕೂತ್ಕೋತಾಳೆ. ಹಳ್ಳದ ಅಟ್ಟಣೆ ನಿಮ್ದೇ ಅಂದ್ಕೊಳ್ಳಿ."

ಒಲೀಟಾಗೆ ಮೈ ಉರಿದುಹೋಯಿತು. ಎದುರಿಗೆ 'ಅತ್ತಿಗೆ ಅತ್ತಿಗೆ' ಎಂದು ಹಲ್ಲು ಕಿರಿಯುವವನು! ಜಿಂಕೆಗೆ ಹೊಂಚು ಹಾಕಿ ಕೂರುವ ಆ ಹಳ್ಳದ ಅಟ್ಟಣೆಯನ್ನು ಅವಳೂ ವೆಂಡೆಲ್ಲೂ ಸೇರಿ ಕಟ್ಟಿದ್ದರು. ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲೇ ಕೂರುತ್ತಿದ್ದಳು. ಕಾಡಿನ ಗೇಟಿನಿಂದ ಅಲ್ಲಿಗೆ ಒಂದೂವರೆ ಮೈಲಿ. ರಸ್ತೆ ಪಕ್ಕದ ಅಟ್ಟಣೆ ಎಂದರೆ ಮಕ್ಕಳನ್ನೂ ಬೇಸರ ಕಳೆಯಲು ಬಂದ ನೆಂಟರನ್ನೂ ಕೂರಿಸುವ ಜಾಗ. ಅಲ್ಲಿಂದ ಕಾಣಿಸುವುದು ಲಾರಿಗಳು ಮಾತ್ರ.

ಊಟವಾದ ಮೇಲೆ ರಾಯ್ಸ್ ಎದ್ದು ನಿಂತ. ಪೆಟ್ರೋಲ್ ಗಾಡಿಯ ಸದ್ದಿಗೆ ಜಿಂಕೆಗಳು ಪಕ್ಕದ ಜಿಲ್ಲೆಗೇ ಓಡಿಹೋಗುತ್ತವೆ, ಹೊಗೆಯ ವಾಸನೆ ಬೇರೆ, ಈ ಸೀಸನ್ನಿನಿಂದ ಗೇಟಿನ ಒಳಗೆ ಬ್ಯಾಟರಿ ಗಾಡಿ ಮಾತ್ರ ಎಂದು ಭಾಷಣ ಬಿಗಿದ. ಹೊಸ ಗಾಡಿ ಕೊಂಡವರೆಲ್ಲ ತಲೆಯಾಡಿಸಿದರು.

"ಕೆಸರಲ್ಲಿ ಹೂತ್ಕೊಂಡಾಗ ನಿನ್ನ ಬ್ಯಾಟರಿನ ಎಳೆಯೋಕೆ ಬರೋದು ಯಾರ ಗಾಡಿ?" ಎಂದಳು ಒಲೀಟಾ.

"ಅಯ್ಯೋ ಅತ್ತಿಗೆ, ನಿಮಗೂ ಒಂದು ತಗೊಳ್ಳಿ ಅಂದೆವಲ್ಲ. ನೀವು ಅಂಗಡೀಲಿ ಮಾಡಿದ್ದು ಮರೆತುಹೋಯ್ತಾ?"

ಎಲ್ಲರೂ ನಕ್ಕರು. ಹೋದ ತಿಂಗಳು ಅವಳು ನಿಜಕ್ಕೂ, ಹಿಂಡಿ ಗೊಬ್ಬರದ ಜೊತೆ ಗಾಡಿಯನ್ನೂ ಮಾರುವ ಅಂಗಡಿಗೆ ಹೋಗಿದ್ದಳು, ತೆರೆದ ಮನಸ್ಸಿನಿಂದಲೇ ಹೋಗಿದ್ದಳು. ಬ್ಯಾಟರಿ ಗಾಡಿಯಲ್ಲಿ ಕೂತಳು, ಕೀಲಿ ತಿರುಗಿಸಿದಳು. ಏನೂ ಆಗಲಿಲ್ಲ. ಸೀಟು ನಡುಗಲಿಲ್ಲ, ಸ್ಟೇರಿಂಗ್ ಹಿಡಿದ ಕೈಗೆ ಏನೂ ತಟ್ಟಲಿಲ್ಲ. ಚಾಲೂ ಆಗಿಲ್ಲವೆಂದುಕೊಂಡು ಪೆಡಲನ್ನು ಒತ್ತಿದಳು. ಗಾಡಿ ಒಮ್ಮೆಲೇ ಹಾರಿ ದನದ ಹಿಂಡಿಯ ಮೂಟೆಗಳಿಗೆ ನುಗ್ಗಿತು. ರಾಯ್ಸ್ ಆ ಕಥೆಯನ್ನು ಉಪ್ಪುಖಾರ ಹಚ್ಚಿ ಊರಿಡೀ ಹಂಚಿದ್ದ. ಆದರೆ ಅವಳನ್ನು ಕಾಡಿದ್ದು ನಗು ಅಲ್ಲ. ಆ ಸೀಟಿನಲ್ಲಿ ಕೂತಾಗ, ಉಳಿದ ಕಿವಿಯನ್ನೂ ಯಾರೋ ಕಿತ್ತುಕೊಂಡ ಹಾಗೆ ಆಗಿತ್ತು. ಪೆಟ್ರೋಲ್ ಗಾಡಿಯ ಎಂಜಿನ್ ಬೆನ್ನುಮೂಳೆಗೆ ತಾಗುತ್ತದೆ; ಅದು ಓಡುತ್ತಿದೆಯೋ ಕೆಮ್ಮುತ್ತಿದೆಯೋ ಅವಳಿಗೆ ತಿಳಿಯುತ್ತದೆ. ಸದ್ದಿಲ್ಲದ ಗಾಡಿ ಅವರಿಗೆ ವರವಿರಬಹುದು. ಅವಳ ಪಾಲಿಗೆ ಸದ್ದಿಲ್ಲದ್ದು ಈಗಾಗಲೇ ಬೇಕಾದಷ್ಟಿತ್ತು.

ಇದನ್ನೆಲ್ಲ ಅವರ ಮುಂದೆ ಹೇಳುವುದು ಅವಳಿಂದಾಗದು. ಅವಳು ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಸಾಲಾಗಿ ಬಟ್ಟೆಯ ತುಂಡುಗಳನ್ನು ಮೊಳೆ ಹೊಡೆದು ಸಿಕ್ಕಿಸಿದ್ದರು. ಗುರಿ ತಪ್ಪಿದವನ ಅಂಗಿಯ ಹಿಂಬದಿಯ ಅಂಚನ್ನು ಕತ್ತರಿಸಿ, ಹೆಸರು, ವರ್ಷ ಬರೆದು ನೇತುಹಾಕುವುದು ಅಲಬಾಮಾದ ಈ ಕಾಡಿನಲ್ಲಿ ಅಜ್ಜಂದಿರ ಕಾಲದ ಪದ್ಧತಿ.

"ಅಂಗಿ ಪಣ," ಎಂದಳು. "ಗುರುವಾರ ಸಂಜೆ ಹಳ್ಳದ ಹೊಲಕ್ಕೆ ನೀನು ನಿನ್ನ ಗಾಡಿ ತಗೊಂಡು ಬಾ, ನಾನು ನಂದು ತರ್ತೀನಿ. ಕೋವಿ ಬೇಡ. ನನ್ನ ಗಾಡಿಗೆ ಜಿಂಕೆ ಓಡಿದ್ರೆ ನನ್ನ ಅಂಗಿ ಕತ್ತರಿಸು, ನಾನು ರಸ್ತೆ ಪಕ್ಕ ಹೋಗಿ ಕೂತ್ಕೋತೀನಿ, ಸಾಯೋವರೆಗೂ. ಓಡದಿದ್ರೆ ನಿನ್ನ ಅಂಗಿ ಕತ್ತರಿಸಿ, ನಿನ್ನ ರೂಲನ್ನ ಈ ಒಲೆಗೆ ಹಾಕ್ತೀನಿ."

"ಬೇಡ ಅತ್ತಿಗೆ, ಆಮೇಲೆ ಬೇಜಾರ್ ಮಾಡ್ಕೋಬೇಡಿ."

"ಬೇಜಾರಿನ ಮಾತು ಆಮೇಲೆ. ಧೈರ್ಯ ಇದ್ಯೋ ಇಲ್ವೋ ಹೇಳು."

ಕ್ಲಬ್ಬಿನ ಅತಿ ಹಿರಿಯ, ಎಂಬತ್ತಮೂರರ ಡೆಲ್ಮಸ್, ಮೂಲೆಯಿಂದ ಕೆಮ್ಮಿದ. ಕತ್ತರಿ ಇರುತ್ತಿದ್ದದ್ದು ಅವನ ಜೇಬಿನಲ್ಲೇ. "ಪಣ ಬಿದ್ದಾಯ್ತು ಕಣೋ ರಾಯ್ಸ್. ಈಗ ಬಾಲ ಮುದುರಿದ್ರೆ ಹಾಗೇ ಕತ್ತರಿಸ್ತೀನಿ," ಎಂದ.

ಗುರುವಾರ ಹೊತ್ತು ಇಳಿಯುವ ಮುಂಚೆ ಒಲೀಟಾ, ಡೆಲ್ಮಸ್ ಮತ್ತು ಹಲ್ಲಿನ ಡಾಕ್ಟರು ಹಳ್ಳದ ಅಟ್ಟಣೆಯಲ್ಲಿ ಕೂತರು. ಕೆಳಗೆ, ಜಿಂಕೆಗಳು ಮೇಯಲೆಂದೇ ಓಟ್ಸ್ ಬಿತ್ತಿದ ಹೊಲ ಮೊಳಕಾಲುದ್ದ ಹಸಿರಾಗಿತ್ತು. ಏಳು ಹೆಣ್ಣು ಜಿಂಕೆಗಳು ಮೇಯುತ್ತಿದ್ದವು, ಅಂಚಿನಲ್ಲಿ ಎಂಟು ಕವಲಿನ ಕೊಂಬಿನ ಗಂಡೊಂದು. ಮೊದಲ ಸರದಿ ತನಗೇ ಬೇಕೆಂದು ಹಟ ಹಿಡಿದವನು ರಾಯ್ಸ್.

ಅವನ ಗಾಡಿ ಪೈನ್ ಮರಗಳ ಸಂದಿಯಿಂದ ನಿಜಕ್ಕೂ ಸದ್ದಿಲ್ಲದೆ ಬಂತು. ನಲವತ್ತು ಹೆಜ್ಜೆ ಹತ್ತಿರವಾಗುವವರೆಗೂ ಜಿಂಕೆಗಳಿಗೆ ಸುಳಿವೇ ಇರಲಿಲ್ಲ. ತೊಂದರೆ ಆದದ್ದು ಅಲ್ಲೇ. ಚಕ್ರದಡಿ ಒಂದು ಕಡ್ಡಿ ಮುರಿಯಿತೋ ಏನೋ, ದೊಡ್ಡ ಹೆಣ್ಣು ತಲೆಯೆತ್ತಿತು. ಏನೋ ಒಂದು ಮೈಮೇಲೆಯೇ ತೆವಳಿ ಬರುತ್ತಿರುವುದನ್ನು ಕಂಡಿತು. ಎಂಟು ಬಿಳಿ ಬಾಲಗಳು ಒಟ್ಟಿಗೆ ಎದ್ದವು. ಕಣ್ಣು ಮಿಟುಕಿಸುವಷ್ಟರಲ್ಲಿ ಹೊಲ ಖಾಲಿ.

"ಸದ್ದಿಲ್ಲದೆ ಓಡಿಸಿದ," ಎಂದು ಡೆಲ್ಮಸ್ ತಲೆದೂಗಿದ.

ರಾಯ್ಸ್ ಗಾಡಿಯನ್ನು ಆಚೆ ಬಿಟ್ಟು ಅಟ್ಟಣೆ ಹತ್ತಿದ. "ಈಗ ಇವರ ಡಬ್ಬ ಗಾಡಿ ಬೇರೆ. ಇನ್ನು ಕ್ರಿಸ್ಮಸ್ಸಿಗೇ ಅವು ಬರೋದು," ಎಂದ. ಮುಕ್ಕಾಲು ಗಂಟೆ ಕಾದರು. ಒಂದೊಂದಾಗಿ ಆರು ಹೆಣ್ಣು ಜಿಂಕೆ ಹಿಂದಿರುಗಿದವು, ಕಿವಿ ನೆಟ್ಟಗೆ ಮಾಡಿಕೊಂಡು, ಬೆದರುತ್ತಲೇ. ಒಲೀಟಾ ಮಂಡಿ ಹಿಡಿದುಕೊಂಡು ಏಣಿ ಇಳಿದಳು. ಬೆದರಿದ ಜಿಂಕೆಗಳ ಮುಂದೆ ಪರೀಕ್ಷೆ; ಸೋತರೆ ಇಪ್ಪತ್ತೆರಡು ವರ್ಷ ಮಣ್ಣುಪಾಲು. ಹಿಂದಿನ ದಾರಿಯಿಂದ ಗಾಡಿಯ ಹತ್ತಿರ ಹೋಗಿ ಕೂತು ಚಾಲೂ ಮಾಡಿದಳು. ಎಂಜಿನ್ ಸೊಂಟಕ್ಕೆ ತಾಗಿತು. ಸರಿಯಾಗಿದೆ.

ಸೀದಾ ಹೊಲಕ್ಕೆ ಇಳಿಸಿದಳು. ಅಟ್ಟಣೆಯ ಮೇಲೆ ರಾಯ್ಸ್ ಕಿವಿ ಮುಚ್ಚಿಕೊಂಡನಂತೆ. ಜಿಂಕೆಗಳು ತಲೆಯೆತ್ತಿದವು. ಅವಳು ವೇಗ ಹೆಚ್ಚಿಸಲಿಲ್ಲ, ತಗ್ಗಿಸಲಿಲ್ಲ, ಅವುಗಳ ಕಡೆ ನೋಡಲೂ ಇಲ್ಲ. ಏಪ್ರಿಲಿನಿಂದ ವಾರಕ್ಕೆರಡು ಸಲ ಇದೇ ದಾರಿಯಲ್ಲಿ, ಇದೇ ಗಾಡಿಯಲ್ಲಿ, ಉಪ್ಪಿನ ಗಟ್ಟಿ, ಗೊಬ್ಬರ, ಬಿತ್ತನೆ ಬೀಜ ಹೇರಿಕೊಂಡು ಬಂದು ಈ ಹೊಲ ಮಾಡಿದವಳು ಅವಳು. ಬ್ಯಾಟರಿ ಗಾಡಿಯ ದೊರೆಗಳು ಕಾಡಿಗೆ ಕಾಲಿಡುತ್ತಿದ್ದದ್ದು ಬೇಟೆಯ ದಿನಗಳಲ್ಲಿ ಮಾತ್ರ. ದೊಡ್ಡ ಹೆಣ್ಣು ಗಾಡಿಯನ್ನು ನೋಡಿತು, ಬಾಲ ಒಮ್ಮೆ ಅಲ್ಲಾಡಿಸಿತು, ಮತ್ತೆ ಓಟ್ಸಿಗೆ ಬಾಯಿ ಹಾಕಿತು. ಉಳಿದವೂ ತಲೆ ತಗ್ಗಿಸಿದವು. ಅವಳು ನಡುವೆ ಎಲ್ಲೂ ನಿಲ್ಲಿಸದೆ ಹೊಲ ದಾಟಿ, ತಿರುವಿನಾಚೆ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಮೇಲೆ ಹಣೆಯಿಟ್ಟು ಗಳಗಳ ಅತ್ತಳು. ಆಮೇಲೆ ತೋಳಿನಿಂದ ಮುಖ ಒರೆಸಿಕೊಂಡಳು.

ಕ್ಯಾಂಪಿನಲ್ಲಿ ಎಲ್ಲರೂ ಕಾದಿದ್ದರು. "ನನ್ನ ಸರದೀಲಿ ಗಾಳಿ ತಿರುಗಿ ಅವಕ್ಕೆ ನನ್ನ ವಾಸನೆ ಹೊಡೆದುಬಿಡ್ತು," ಎಂದು ರಾಯ್ಸ್ ರಾಗ ತೆಗೆದ.

"ಯಾವ ಗಾಳಿ ರೀ?" ಎಂದರು ಹಲ್ಲಿನ ಡಾಕ್ಟರು. "ಒಂದು ಎಲೆ ಅಲ್ಲಾಡಲಿಲ್ಲ."

ಡೆಲ್ಮಸ್ ಕತ್ತರಿಯನ್ನು ಒಲೀಟಾಳ ಕೈಗಿತ್ತ. ರಾಯ್ಸನ ಇಸ್ತ್ರಿ ಮಾಡಿದ ಹೊಸ ಅಂಗಿಯ ಹಿಂಬದಿಯನ್ನು ಅವಳು ಅಂಗೈ ಅಗಲ ಕತ್ತರಿಸಿದಳು. ಅವನು ಇಂಗು ತಿಂದ ಮಂಗನಂತೆ ನಿಂತು, ನೆಲ ನೋಡಿಕೊಂಡು ಏನೋ ಗೊಣಗಿದ. ಅವಳಿಗೆ ತುಟಿ ಚೆನ್ನಾಗಿಯೇ ಕಂಡಿತು: ರೂಲ್ ವಾಪಸ್, ಹಳ್ಳದ ಅಟ್ಟಣೆ ಅತ್ತಿಗೇದೇ.

"ಕೇಳಿಸಲಿಲ್ಲ," ಎಂದಳು.

ಅವನು ತುಸು ಜೋರಾಗಿ ಹೇಳಿದ.

"ಇನ್ನೂ ಜೋರಾಗಿ ಹೇಳು. ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವೀಲಿ ಕಾಲುಭಾಗ ಉಳಿದಿದೆ ಅಷ್ಟೇ." ಜೀವಮಾನದಲ್ಲೇ ಮೊದಲ ಸಲ ಅವಳು ಅದನ್ನು ಹೀಗೆ ನಾಲ್ಕು ಜನರ ಮುಂದೆ ಹೇಳಿದ್ದು. ನಾಚಿಕೆ ಆಗುತ್ತದೆಂದುಕೊಂಡಿದ್ದಳು, ಆಗಲಿಲ್ಲ.

"ರೂಲ್ ವಾಪಸ್!" ಎಂದು ರಾಯ್ಸ್ ಕೆಂಪಾಗಿ ಕೂಗಿದ. "ಹಳ್ಳದ ಅಟ್ಟಣೆ ಅತ್ತಿಗೇದೇ!"

"ಹಾಂ, ಈಗ ಕೇಳಿಸ್ತು. ಹಾಗೇ ಶನಿವಾರ ನಾನು ನಲ್ಲಿ ಹತ್ರ ನಿಂತಿದ್ದಾಗ ಡಾಕ್ಟ್ರಿಗೆ ಹೇಳಿದೆಯಲ್ಲ, 'ತಾನಾಗೇ ಬಂದು ರಸ್ತೆ ಪಕ್ಕ ಕೂತ್ಕೋತಾಳೆ' ಅಂತ, ಅದನ್ನೂ ಒಂದ್ಸಲ ಜೋರಾಗಿ ಹೇಳಿಬಿಡಪ್ಪ. ಆವತ್ತು ಬರೀ ಕಣ್ಣಲ್ಲಿ ನೋಡಿದ್ದೆ."

ಹಲ್ಲಿನ ಡಾಕ್ಟರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಒಲೀಟಾ ಬಟ್ಟೆಯ ತುಂಡಿನ ಮೇಲೆ ಮೈದುನನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಅವನ ಉತ್ತರಕ್ಕೆ ಕಾಯುತ್ತ, ಮೊಳೆ ಹೊಡೆಯತೊಡಗಿದಳು.